ಹೂಂ ಅನ್ನದವನ ಮನೆತನ

ಎಮ್ಮಿಗನೂರಿನ ಹನುಮಣ್ಣನಿಗೆ ಹಾಡಲು ಬರುತ್ತಿರಲಿಲ್ಲ. ನಾಲ್ಕು ಮಂದಿಯ ಮುಂದೆ ನಿಂತು ಮಾತಾಡೆಂದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಹಾಗಿದ್ದೂ ಕಂಪ್ಲಿ ಸೀಮೆಯಲ್ಲಿ ದಳವಾಯಿ ಪದ ಎಂದರೆ ರಾಯಣ್ಣನ ಹೆಸರಿನ ಬೆನ್ನಿಗೇ ಅವನ ಹೆಸರೂ ಬರುತ್ತಿತ್ತು. ರಾಯಣ್ಣ ಹಾಡುವವನು, ಹನುಮಣ್ಣ ಹೂಂ ಅನ್ನುವವನು.

ಕತೆಗೆ ಹೂಂಗುಡುವವರು ಎಲ್ಲ ಊರಲ್ಲೂ ಇರುತ್ತಾರೆ. ಇಲ್ಲಿನ ಹೂಂ ಬೇರೆ. ರಾಯಣ್ಣ ಮಣೆಯ ಮೇಲೆ ಕೂತು ಒಂದು ಪದ ಹಾಡಿ ನಿಲ್ಲಿಸುತ್ತಾನೆ. ಕೆಳಗೆ, ನೆಲದ ಮೇಲೆ, ಹನುಮಣ್ಣ ಹೂಂ ಅನ್ನುತ್ತಾನೆ. ಹೂಂ ಅಂದರೆ ಪದ ಮುಂದಕ್ಕೆ ಹೋಗುತ್ತದೆ. ಅನ್ನದಿದ್ದರೆ ಪದ ತಪ್ಪಿದೆ ಎಂದರ್ಥ. ಎಂಥ ಹಾಡುಗಾರನಾದರೂ ಹಿಂದಕ್ಕೆ ಹೋಗಿ ಸರಿ ಮಾಡಿಕೊಂಡು ಬರಬೇಕು. ನಲವತ್ತು ವರ್ಷಗಳಲ್ಲಿ ಹನುಮಣ್ಣ ಮೂರು ಸಲ ಮಾತ್ರ ಬಾಯಿ ಬಿಗಿದಿದ್ದ. ಅದರಲ್ಲೊಂದು ಸಲ ರಾಯಣ್ಣನ ಮಗಳ ಮದುವೆಯ ಚಪ್ಪರದಲ್ಲೇ. "ಬೀಗರ ಮುಂದ ಮರ್ಯಾದಿ ಕಳದಿ ಮಾರಾಯ" ಎಂದು ರಾಯಣ್ಣ ಆಮೇಲೆ ಗೊಣಗಿದನಾದರೂ, ಅಲ್ಲಿ ಮಾತ್ರ ತಲೆಬಾಗಿಸಿ ಹಿಂದಕ್ಕೆ ಹೋಗಿ ಬಂದಿದ್ದ.

ಹನುಮಣ್ಣನ ಹೆಂಡತಿ ಊರಮ್ಮನ ಲೆಕ್ಕವೇ ಬೇರೆ. "ಊರಿಗೆಲ್ಲ ಹೂಂ ಅಂತಾನ. ಮನ್ಯಾಗ ನಾ ಹೇಳಿದ್ದಕ್ಕ ಒಂದರ ಹೂಂ ಅಂದಿದ್ರ ನಮ್ಮನಿ ಇಷ್ಟೊತ್ತಿಗೆ ಮಾಳಗಿ ಕಾಣತಿತ್ತು."

ದಳವಾಯಿ ಜಂಬುನಾಯಕ ಎಂದೋ ಈ ಹೊಳೆಸೀಮೆಯನ್ನು ಆಳಿದವನು. ದೊರೆ ಸತ್ತ ಮೇಲೆ ದಂಡೇ ಅವನನ್ನು ಗದ್ದುಗೆಗೆ ಕೂಡಿಸಿತ್ತು. ಒಂದು ಶ್ರಾವಣದಲ್ಲಿ ಅವನು ತುಂಬಿದ ಹೊಳೆಯನ್ನು ಹರಿಗೋಲುಗಳಲ್ಲಿ ದಾಟಿಸಿ ದಂಡನ್ನು ಆಚೆ ದಡಕ್ಕೆ ಒಯ್ದ. ಕಾಳಗ ಗೆದ್ದ. ಆದರೆ ದಡದ ಹರಿಗೋಲುಗಳೆಲ್ಲ ಸುಟ್ಟುಹೋಗಿದ್ದವು, ಅವುಗಳ ಅಂಬಿಗರು ಏಳು ಮಂದಿ ಹೊಳೆಪಾಲಾಗಿದ್ದರು. ಅಂಬಿಗರು ಹಗೆಗಳ ಕೂಳು ತಿಂದು ತಾವೇ ಸುಟ್ಟರು ಎಂದು ದಳವಾಯಿ ಡಂಗುರ ಹೊಡೆಸಿದ. ಇಪ್ಪತ್ತು ವರ್ಷ ನಾಡೆಲ್ಲ ಹೂಂ ಅಂದಿತು.

ಸಾಯುವ ಕಾಲಕ್ಕೆ ಅವನು ಮಗನನ್ನು ಕರೆದು ದೊರೆತನದ ಮಾತು ಹೇಳಲು ಕೂತ. ಕಾಲದೆಸೆಯಲ್ಲಿ ಚವರಿ ಬೀಸುವ ಆಳೊಬ್ಬನಿದ್ದ, ಹುಲಿಗ ಎಂದು. ದಳವಾಯಿ ಒಂದೊಂದು ಮಾತಿಗೂ ನಿಲ್ಲುವುದು, ಹುಲಿಗ ಹೂಂ ಅನ್ನುವುದು. ದಂಡನ್ನು ಹೇಗೆ ನಡೆಸಬೇಕು ಎಂದ, ಹೂಂ ಬಂತು. ಸೋತವನ ಹೊಲಕ್ಕೆ ಕುದುರೆ ಬಿಡಬಾರದು ಎಂದ, ಹೂಂ ಬಂತು. ಅಂಬಿಗರು ಹರಿಗೋಲು ಸುಟ್ಟರು ಎಂದ. ಹೂಂ ಬರಲಿಲ್ಲ. ಮತ್ತೆ ಹೇಳಿದ, ಬರಲಿಲ್ಲ. ಮಗ ಕತ್ತಿ ಹಿರಿದರೆ ದಳವಾಯಿ ಬೇಡವೆಂದು ಕೈಮಾಡಿದ. ಮೂರು ದಿನ ಅದೊಂದೇ ಮಾತಿನಲ್ಲಿ ಸಿಕ್ಕಿಬಿದ್ದು, ಮೂರನೆಯ ದಿನ ಸಂಜೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದ:

*ಹೊಳೆದಾಟಿ ಬಂದವರು ಮರಳದಿರಲೆಂದೆಣಿಸಿ*
*ಹೊಳೆಯಂಚ ಹರಿಗೋಲು ಸುಟ್ಟವನು | ನಾನಯ್ಯ*
*ಅಳಿದರು ಏಳು ಅಂಬಿಗರು*

ಆಗ ಹುಲಿಗ ಹೂಂ ಅಂದ. ದಳವಾಯಿ ಏಳೂ ಜನರ ಹೆಸರು ಹಿಡಿದು ಹೇಳಿ, ಕೊನೆಗೆ ಮಗನಿಗೆ ಇಷ್ಟು ಹೇಳಿ ಕಣ್ಣುಮುಚ್ಚಿದನಂತೆ:

*ಸುತ್ತೆಲ್ಲ ಹೂಂಗುಡುವ ಹತ್ತುಸಾವಿರವಿರಲಿ*
*ಹೊತ್ತಿಗೆ ಬಾಯಿ ಬಿಗಿವಂಥ | ಒಬ್ಬಾತ*
*ಹತ್ತಿರಿರಬೇಕು ದೊರೆತನಕೆ*

ಆ ಹುಲಿಗನ ಮನೆತನವೇ ಹನುಮಣ್ಣನದು. ಹೊಲವಿಲ್ಲ, ಇನಾಮಿಲ್ಲ, ಕೆಳಗೇರಿಯಲ್ಲೊಂದು ಮನೆ, ಬೇರೆಯವರ ಗದ್ದೆಯಲ್ಲಿ ದುಡಿಮೆ, ಮತ್ತು ಹೂಂ ಅನ್ನದಿರುವ ಹಕ್ಕು. ಅವನಪ್ಪ ಸಾಯುವಾಗ ಕೊಟ್ಟುಹೋದದ್ದು ಅದೊಂದನ್ನೇ.

ಕಂಪ್ಲಿಯ ಹೊಳೆದಂಡೆಯ ಅಂಬಿಗರ ಓಣಿಯಲ್ಲಿ ಪ್ರತಿವರ್ಷ ಸೀಗಿಹುಣ್ಣಿಮೆಯ ಮರುದಿನ ಬೆಳಿಗ್ಗೆ ಆ ಏಳು ಹೆಸರಿನ ಪದ ನಡೆಯುತ್ತದೆ. ಒಂದು ಹೆಸರು, ಒಂದು ಹೂಂ, ಹೊಳೆಗೆ ಒಂದು ತುತ್ತು ಮೊಸರನ್ನ. ಹೂಂ ಬೀಳುವತನಕ ತುತ್ತು ಬಿಡುವಂತಿಲ್ಲ. ತುತ್ತು ಬಿಡುವವಳು ಕರೆಮ್ಮ, ಎಪ್ಪತ್ತು ದಾಟಿದ ಮುದುಕಿ. ಅವಳ ಮಗ ಹಂಪಿಯಲ್ಲಿ ಪ್ರವಾಸಿಗರನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು ತಿರುಗಿಸುತ್ತಾನೆ. ಪದ ಮುಗಿದ ಮೇಲೆ ಹನುಮಣ್ಣನ ಕೈಗೆ ಎಲೆಯಲ್ಲಿ ಸುತ್ತಿದ ಹುರಿದ ಮೀನು ಕೊಟ್ಟು, "ನಮ್ಮೋರು ಉಂಡ್ರು, ಇನ್ನ ನೀ ಉಣ್ಣಪ" ಎನ್ನುತ್ತಿದ್ದಳು.

ಈ ವರ್ಷ ಶ್ರಾವಣದಲ್ಲಿ ಸಂಡೂರಿನ ನಾಗಭೂಷಣ ಧಣಿಗಳ ಕಾರು ಎಮ್ಮಿಗನೂರಿಗೆ ಬಂತು. ಅದಿರಿನ ಲಾರಿಗಳ ಧಣಿ. ತಾವು ದಳವಾಯಿ ಜಂಬುನಾಯಕನ ವಂಶದವರು ಎಂದು ಅವರಿಗೆ ಎರಡು ವರ್ಷದ ಹಿಂದೆ ಗೊತ್ತಾಗಿತ್ತು. ಹೊಸಪೇಟೆಯ ಕಲ್ಯಾಣಮಂಟಪದಲ್ಲಿ ಜಯಂತಿ, ಬನ್ನಿಹಬ್ಬ ಕಳೆದ ಮೇಲೆ ಕಂಪ್ಲಿ ರಸ್ತೆಯಲ್ಲಿ ಪ್ರತಿಮೆ.

ಜಯಂತಿಗೆ ಹೊರಟ ಕಾರಿನಲ್ಲಿ ಗಾದಿಗನೂರು ದಾಟುವವರೆಗೆ ರಾಯಣ್ಣ ಕಿಟಕಿಯಾಚೆಯ ಕೆಂಪು ಧೂಳು ನೋಡುತ್ತಿದ್ದ. ಆಮೇಲೆ ಹೇಳಿದ, "ಹನುಮಾ, ಒಂದ ಪದ ಬದಲಿ ಮಾಡೇನಿ."

"ಯಾವುದ್ರಿ?"

"ಹರಿಗೋಲಿಂದು. ಧಣೀರು ಕೇಳಿದ್ರು. ನಮ್ಮ ಮೂಲಪುರುಷ ತನ್ನ ಮಂದೀನ ತಾನ ಮುಳುಗಿಸಿದ ಅಂತ ಮೈಕಿನ್ಯಾಗ ಒದರಿಸ್ಕೋಬೇಕೇನು, ಅಂದ್ರು. ಅವರು ಹೇಳೋದೂ ಖರೇನ ಅಲ್ಲಾ?"

"ಹಂಗಾರ ಯಾರು ಸುಟ್ರು ಅಂತ ಹಾಡತೀರಿ?"

"ಅಂಬಿಗರು."

ಹನುಮಣ್ಣ ಅವನ ಕಡೆ ತಿರುಗಿ, "ನಾ ಅದಕ್ಕ ಹೂಂ ಅನ್ನಂಗಿಲ್ರಿ" ಎಂದ.

"ಅನಬ್ಯಾಡ ಬಿಡು. ನೋಡೂಣಂತ" ಎಂದು ರಾಯಣ್ಣ ಕಣ್ಣುಮುಚ್ಚಿದ. ನಿದ್ದೆ ಬಂದಿರಲಿಲ್ಲ; ಅವನ ಹೆಬ್ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಮಂಟಪದ ಬಾಗಿಲಿಗೆ ದೊಡ್ಡ ಬ್ಯಾನರು. ಮೇಲೆ ಕತ್ತಿ ಹಿರಿದ ದಳವಾಯಿ, ಕೆಳಗೆ ಕೈಮುಗಿದ ಧಣಿ, ನಡುವೆ ದಪ್ಪಕ್ಷರದಲ್ಲಿ ದಳವಾಯಿಯ ನುಡಿ: ‘ಕತ್ತಿಗೆ ಕಣ್ಣಿಲ್ಲ’. ಹನುಮಣ್ಣ ನಿಂತು ಓದಿದ. ಪದ ಹಾಗಿಲ್ಲ.

*ಕತ್ತಿಗೆ ಕಣ್ಣಿಲ್ಲ, ಎತ್ತಿದವ ಕಾಣಬೇಕು*
*ಸತ್ತವರ ಮನೆಯ ಒಲೆಹೊಗೆ | ನನಮಗನೆ*
*ಇತ್ತಲೇ ಸುಳಿದು ಬರತಾದ*

ಉಳಿದದ್ದಕ್ಕೆ ಜಾಗ ಸಾಲಲಿಲ್ಲವೇನೋ ಎಂದುಕೊಂಡು ಒಳಗೆ ನಡೆದ.

ವೇದಿಕೆಯ ಮೇಲೆ ಅವನು ಯಾವಾಗಿನಂತೆ ನೆಲದಲ್ಲಿ ಟವಲು ಹಾಸಲು ಹೋದ. ಧಣಿಗಳೇ ಎದ್ದು ಬಂದು ಅವನ ರಟ್ಟೆ ಹಿಡಿದರು. "ಎಲ್ಲಿ ಕುಂದ್ರತೀರಿ? ದಳವಾಯಿಗಳ ಪಾದದಾಗ ಇದ್ದ ಮನಿತನ ನಿಮ್ಮದು. ಮ್ಯಾಲ ಕುಂದ್ರಿ." ಕೆಂಪು ಮಖಮಲ್ಲಿನ ಎತ್ತರದ ಕುರ್ಚಿ, ಮದುವೆಯಲ್ಲಿ ಮದುಮಕ್ಕಳು ಕೂರುವಂಥದು. ಹನುಮಣ್ಣ ಅದರ ಅಂಚಿಗೆ ಕೂತ. ಧಣಿಗಳು ಹಿಂದಕ್ಕೆ ಸರಿಯಿರಿ ಅಂದರು, ಸರಿದ. ಕಾಲು ನೆಲ ಬಿಟ್ಟಿತು. ಹೆಗಲಿಗೆ ಶಾಲು ಬಂತು, ತಲೆಗೆ ಪೇಟ ಬಂತು. ಮೈಕಿನಲ್ಲಿ ಅವನ ಹೆಸರನ್ನು ‘ಶ್ರೀ’ ಸೇರಿಸಿ ಕರೆದರು. ಅರವತ್ತು ವರ್ಷ ಊರಿನ ಯಾವ ಕಟ್ಟೆಯ ಮೇಲೂ ಕೂರದಿದ್ದವನು ಸಾವಿರ ಮಂದಿಯ ತಲೆಗಳನ್ನು ಮೇಲಿನಿಂದ ನೋಡಿದ. ಹಿತವಾಗಿತ್ತು. ಆ ಹಿತವೇ ಆಮೇಲೆ ಅವನನ್ನು ಸುಟ್ಟದ್ದು, ಹೂಂಗಿಂತ ಹೆಚ್ಚು.

ರಾಯಣ್ಣನ ಗಂಟಲು ಅವತ್ತು ತುಂಬಿ ಹರಿಯಿತು. ಪದದ ಮೇಲೆ ಪದ, ಹೂಂನ ಮೇಲೆ ಹೂಂ. ಹರಿಗೋಲಿನ ಪದ ಬಂತು:

*ಹೊಳೆದಾಟಿ ಬಂದವರ ಬಳಿಯಿದ್ದು ಮೋಸದಲಿ*
*ಹೊಳೆಯಂಚ ಹರಿಗೋಲು ಸುಟ್ಟವರು | ಹಗೆಯವರ*
*ಕೂಳುಂಡ ಏಳು ಅಂಬಿಗರು*

ಪದ ಕೊನೆಯ ಸಾಲಿಗೆ ಕುಂಟಿತು. ಹುಟ್ಟಿದಾಗಿನಿಂದ ಕೇಳಿದ ಕಿವಿಗೆ ಅದು ಅಕ್ಕಿಯಲ್ಲಿನ ಕಲ್ಲಿನಂತೆ ಸಿಕ್ಕಿತು. ಹನುಮಣ್ಣ ಬಾಯಿ ಬಿಗಿದ. ಮಂಟಪ ಕಾಯಿತು. ಒಂದು ಉಸಿರು, ಎರಡು ಉಸಿರು. ರಾಯಣ್ಣ ತಿರುಗಿ ನೋಡಲಿಲ್ಲ. ತಿರುಗಿದವರು ಧಣಿಗಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಹನುಮಣ್ಣನ ಹೆಗಲಿನಿಂದ ಜಾರುತ್ತಿದ್ದ ಶಾಲನ್ನು ಕೈಚಾಚಿ ಮೇಲಕ್ಕೆಳೆದು ಸರಿಮಾಡಿ, ಅಣ್ಣ ತಮ್ಮನನ್ನು ನೋಡುವಂತೆ ನಕ್ಕರು.

"ಹೂಂ" ಅಂದ ಹನುಮಣ್ಣ.

ಯಾರೂ ಹೆದರಿಸಿರಲಿಲ್ಲ. ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಯಾಕೆ ಅಂದೆ ಎಂದು ಆಮೇಲೆ ಎಷ್ಟು ಸಲ ತನ್ನನ್ನೇ ಕೇಳಿಕೊಂಡರೂ ಕುರ್ಚಿಯೊಂದೇ ಕಣ್ಣಿಗೆ ಬರುತ್ತಿತ್ತು.

ಮನೆಗೆ ಬಂದಾಗ ಊರಮ್ಮ ಶಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಭಾಳ ಚಲೋದೈತಿ. ನನಗೊಂದು ಸೀರಿ ಕೊಡ್ರಿ ಅನಬೇಕಿತ್ತು." ಅವನು ಶಾಲಿನ ಕಡೆ ನೋಡಲಿಲ್ಲ. ಉಣ್ಣಲೂ ಇಲ್ಲ. "ಏನಾತು ನಿನಗ?" ಎಂದಳು. "ಪದ ತಪ್ಪಿತು" ಎಂದ. "ರಾಯಣ್ಣಂದ?" ಎಂದಳು. ಅವನು ತಲೆಯಲ್ಲಾಡಿಸಿದ್ದು ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.

ಆ ಪದ ಫೋನುಗಳಲ್ಲಿ ಓಡಾಡಿತು. ಹೊಸಪೇಟೆಯಲ್ಲಿ ನರ್ಸ್ ಕೆಲಸ ಮಾಡುವ ಮಗಳು ಅಂಜಲಿ ಫೋನು ಮಾಡಿ, "ಅಪ್ಪಾ, ನೀ ಪೇಟ ಸುತ್ತಿದ್ದು ಮಸ್ತ್ ಕಾಣತೈತಿ" ಎಂದು ನಕ್ಕವಳು, ಸ್ವಲ್ಪ ತಡೆದು, "ಆದರ ಆ ಪದ ಹಂಗಿರಲಿಲ್ಲ ಅಲ್ಲೇನು? ನಾ ಸಣ್ಣಾಕಿದ್ದಾಗ ನೀ ಹೇಳತಿದ್ದಿ" ಎಂದಳು. ಇವನು ಗದ್ದೆಗೆ ನೀರು ಬಿಡಬೇಕೆಂದು ಹೇಳಿ ಫೋನು ಇಟ್ಟ. ಗದ್ದೆಗೆ ಅವತ್ತು ನೀರಿನ ಪಾಳಿಯೇ ಇರಲಿಲ್ಲ.

ಹದಿನೈದು ದಿನಕ್ಕೆ ಕರೆಮ್ಮ ಬಂದಳು. ಕಂಪ್ಲಿಯಿಂದ ಬಸ್ಸಿನಲ್ಲಿ, ಒಬ್ಬಳೇ. ಹನುಮಣ್ಣ ಕಳೆ ಕೀಳುತ್ತಿದ್ದ ಗದ್ದೆಯ ಬದುವಿನ ಮೇಲೆ ಕೋಲೂರಿ ನಿಂತಳು.

"ಬಾ ಯಕ್ಕಾ. ನೀರ್ ಕುಡೀತಿ?"

"ಬ್ಯಾಡ. ಒಂದ್ ಮಾತು ಕೇಳಾಕ ಬಂದೆ." ಅವಳ ದನಿಯಲ್ಲಿ ಜಗಳವಿರಲಿಲ್ಲ. "ಹಂಪ್ಯಾಗ ನನ್ನ ಮಗನ ಹರಿಗೋಲು ಹತ್ತಿದ ಒಬ್ಬ ನಕ್ಕೋಂತ ಕೇಳಿದನಂತ, ನಡುನೀರಾಗ ಬೆಂಕಿ ಹಚ್ಚಂಗಿಲ್ಲಲ್ಲಪ ನೀನು, ನಿಮ್ಮ ಜಾತಿಗೆ ರೂಢಿ ಐತಂತಲ್ಲ, ಅಂತ. ಅವನ ಫೋನಿನ್ಯಾಗ ಪದ ಇತ್ತಂತ. ರಾಯಣ್ಣ ಹಾಡಿದ್ದು ಹೌದು. ಹಾಡೋರು ಏನ್ ಬೇಕಾದ್ದು ಹಾಡತಾರ, ಅವರ ಹೊಟ್ಟಿಪಾಡು. ಹೂಂ ಅಂದದ್ದು ನೀನೇನು?"

ಹನುಮಣ್ಣ ಕೈಯಲ್ಲಿದ್ದ ಕಳೆಯ ಕಟ್ಟನ್ನು ನೋಡಿಕೊಂಡ. ಬೇರಿನಿಂದ ಕೆಸರು ಸೋರುತ್ತಿತ್ತು.

"ಮಗ ಅಂದ, ಅದು ಮಶೀನಿನ್ಯಾಗ ಸೇರಿಸಿರತಾರವ್ವಾ, ಹನುಮಣ್ಣ ಹಂಗ ಅನ್ನಂಗಿಲ್ಲ ಅಂತ. ಅದಕ್ಕ ಕೇಳಿಹೋಗೂನು ಅಂತ ಬಂದೆ."

ಹೌದು ಯಕ್ಕಾ, ಮಶೀನಿನದು ಅನ್ನಬಹುದಿತ್ತು. ಅವಳು ನಂಬಲೆಂದೇ ಬಂದಿದ್ದಳು. ಬಾಯಿಗೆ ಬಂದ ಸುಳ್ಳನ್ನು ಹನುಮಣ್ಣ ನುಂಗಿದ. ನಿಜವೂ ಅದರ ಜೊತೆಗೇ ಇಳಿದುಹೋಯಿತು.

ಮುದುಕಿ ಅವನ ಸುಮ್ಮನಿರುವಿಕೆಯನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಆತು. ಈ ವರ್ಷ ಹುಣ್ಣಿಮಿಗೆ ಬರಬ್ಯಾಡ್ರಿ" ಎಂದಳು. ನಲವತ್ತು ವರ್ಷದಲ್ಲಿ ಅವಳು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

"ಯಕ್ಕಾ, ಹೆಸರು ಹೇಳದಿದ್ರ ತುತ್ತು..."

"ಉಪಾಸ ಇರತಾರ. ಸುಳ್ಳಿನ ಬಾಯಿಂದ ಉಣ್ಣೂಕಿಂತ ಚಲೋ" ಎಂದು ಕೋಲೂರುತ್ತ ಹೊರಟಳು.

ಪ್ರತಿಮೆಯ ದಿನ ಬಂತು. ಬರುವುದಿಲ್ಲ ಎನ್ನುತ್ತಾನೆಂದು ರಾಯಣ್ಣ ಹೆದರಿದ್ದ. ಹನುಮಣ್ಣ ತಾನೇ ಬೆಳಿಗ್ಗೆ ಕಾರಿನ ಹತ್ತಿರ ಹೋಗಿ ನಿಂತ. ಅವನು ಗಟ್ಟಿಮಾಡಿಕೊಂಡಿದ್ದ. ಅದೇ ಕುರ್ಚಿ, ಅದೇ ಮಂದಿ, ಅದೇ ಪದ. ಈ ಸಲ ಬಾಯಿ ಬಿಗಿದರೆ ಪದ ನಿಲ್ಲುತ್ತದೆ. ಸಾವಿರ ಜನರ ಮುಂದೆ ನಿಂತ ಪದವನ್ನು ರಾಯಣ್ಣ ಹಿಂದಕ್ಕೆ ಒಯ್ಯಲೇಬೇಕು. ಅದೂ ಫೋನುಗಳಲ್ಲಿ ಓಡಾಡಲಿ. ಹುಲಿಗ ಕತ್ತಿಗೆ ಹೆದರಲಿಲ್ಲ, ನಾನು ಶಾಲಿಗೆ ಹೆದರಿದೆ ಎಂದು ದಾರಿಯುದ್ದ ಅಂದುಕೊಳ್ಳುತ್ತಲೇ ಇದ್ದ.

ವೇದಿಕೆಯ ಮೇಲೆ ಈ ಸಲ ಕುರ್ಚಿಯ ಮುಂದೆ ಅವನಿಗೇ ಒಂದು ಮೈಕು. ಪದ ಶುರುವಾಯಿತು. ಮೊದಲ ಪದ ಮುಗಿದೊಡನೆ ಹನುಮಣ್ಣ ಬಾಯಿ ತೆರೆಯುವ ಮೊದಲೇ ನಾಲ್ಕೂ ಸ್ಪೀಕರ್ ಡಬ್ಬಿಗಳಿಂದ ಹೂಂ ಬಂತು. ಅವನದೇ ದನಿ. ಹೊಸಪೇಟೆಯಲ್ಲಿ ಅಂದದ್ದು. ಹಿಡಿದಿಟ್ಟುಕೊಂಡು ಸ್ವಲ್ಪ ಗಡಸು ಮಾಡಿದ್ದರು, ಗುಡಿಯೊಳಗಿನಿಂದ ಬಂದಂತಿತ್ತು. ಅವನು ಮೈಕನ್ನು ಬೆರಳಿನಿಂದ ತಟ್ಟಿದ. ಸದ್ದಿಲ್ಲ. ಅದಕ್ಕೆ ವೈರೇ ಇರಲಿಲ್ಲ.

"ರಾಯಣ್ಣಾರ" ಎಂದ ಮೆಲ್ಲಗೆ.

ರಾಯಣ್ಣ ಎರಡು ಪದಗಳ ನಡುವೆ, ತುಟಿಯಲ್ಲಾಡಿಸದೆ, "ನೀ ಸುಮ್ನ ಕುಂದ್ರು. ನಿನಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ" ಎಂದ. ಅವನ ಕಣ್ಣು ಕೆಂಪಾಗಿದ್ದವು.

ಹರಿಗೋಲಿನ ಪದ ಬಂದಾಗ ಹನುಮಣ್ಣ ಹಲ್ಲು ಕಚ್ಚಿ ಬಾಯಿ ಮುಚ್ಚಿ ಕೂತಿದ್ದ. ಸಾವಿರ ಮಂದಿಗೆ ಅವನ ಹೂಂ ಕೇಳಿಸಿತು. ಮುಚ್ಚಿದ ಬಾಯಿ ಮುಂದಿನ ಸಾಲಿನವರಿಗೂ ಕಂಡಂತಿರಲಿಲ್ಲ. ಎಲ್ಲರೂ ಪರದೆ ಸರಿಯುತ್ತಿದ್ದ ಪ್ರತಿಮೆಯ ಕಡೆ ತಿರುಗಿದ್ದರು.

ಅವನು ಶಾಲು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟ. ಪೇಟವನ್ನು ಅದರ ಮೇಲಿಟ್ಟ. ಹಿಂದಿನ ಮೆಟ್ಟಿಲು ಇಳಿದು ಜನರೇಟರಿನ ಪಕ್ಕದಿಂದ ರಸ್ತೆಗೆ ಬಂದ. ರಸ್ತೆಯವರೆಗೂ ಅವನ ದನಿ ಅವನನ್ನು ಹಿಂಬಾಲಿಸಿತು: ಹೂಂ, ಹೂಂ, ಹೂಂ. ಕತೆಗೆ ಈಗ ಅವನು ಬೇಕಾಗಿರಲಿಲ್ಲ. ಒಂದು ಸಲ ಅಂದದ್ದೇ ಸಾಕಾಗಿತ್ತು.

ಸೀಗಿಹುಣ್ಣಿಮೆಯ ಮರುದಿನ, ಬರಬೇಡಿರೆಂದರೂ, ಹನುಮಣ್ಣ ಕಂಪ್ಲಿಗೆ ಹೋದ. ರಾಯಣ್ಣನಿಲ್ಲ, ಮಣೆಯಿಲ್ಲ. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಯಾರೂ ಮಾತಾಡಿಸಲಿಲ್ಲ. ಹೊಳೆಯ ಹತ್ತಿರ ಬೋರಲು ಹಾಕಿದ ಹರಿಗೋಲಿಗೆ ಹೊಸ ಡಾಂಬರು ಬಳಿದಿತ್ತು. ಅದರ ನೆರಳಲ್ಲಿ ಕರೆಮ್ಮ ಮೊಸರನ್ನದ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಬರಬೇಡ ಅಂದವಳು ಅನ್ನ ಮಾತ್ರ ಕಲಸಿದ್ದಳು.

ಹನುಮಣ್ಣ ನೀರಿನಂಚಿಗೆ, ಕಲ್ಲಿನ ಮೇಲಲ್ಲ, ಕೆಸರಿನಲ್ಲಿ ಕೂತ. ಹುಟ್ಟಿದ ಮೇಲೆ ಮೊದಲ ಸಲ ಪದ ಎತ್ತಿದ. ದನಿ ಒಡೆದು ಎರಡಾಯಿತು. ಓಣಿಯ ಹೆಂಗಸರಲ್ಲಿ ಒಬ್ಬಳು ಸೆರಗಿನಲ್ಲಿ ನಕ್ಕಳು. ಹರಿಗೋಲಿನ ಪದವನ್ನು ಹಳೆಯ ರೀತಿಯಲ್ಲೇ, ‘ಸುಟ್ಟವನು ನಾನಯ್ಯ’ ಎಂದೇ ಹೇಳಿ, ನಿಲ್ಲಿಸಿದ.

ಹೂಂ ಬರಲಿಲ್ಲ.

ಆ ಮೂರು ಸಲ ರಾಯಣ್ಣನಿಗೆ ಹೇಗನ್ನಿಸಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಬಾವಿಗೆ ಬಿಟ್ಟ ಕೊಡಕ್ಕೆ ನೀರು ತಾಕದಂತೆ. ನಿಯಮ ನಿಯಮವೇ. ಹಿಂದಕ್ಕೆ ಹೋಗಿ ಮತ್ತೆ ಹೇಳಿದ. ಅಕ್ಷರ ತಪ್ಪಿರಲಿಲ್ಲ. ಕರೆಮ್ಮ ನೀರನ್ನು ನೋಡುತ್ತಿದ್ದಳು, ತುತ್ತು ಅವಳ ಅಂಗೈಯಲ್ಲೇ ಇತ್ತು. ಮೂರನೆಯ ಸಲಕ್ಕೆ ಬಾಯಿ ತೆರೆದ ಹನುಮಣ್ಣ ತಡೆದ. ದಳವಾಯಿ ಮೂರು ದಿನ ಸಿಕ್ಕಿಬಿದ್ದದ್ದು ಎಂಥ ಜಾಗ ಎಂಬುದು ಗೊತ್ತಾಯಿತು. ಅಲ್ಲಿ ತನ್ನದು ಬಿಟ್ಟು ದಳವಾಯಿಯ ತಪ್ಪು ಹೇಳಿದರೆ ದಾಟಲಾಗುವುದಿಲ್ಲ.

ಪದ ಬಿಟ್ಟು ಬರೀ ಮಾತಿನಲ್ಲಿ ಹೇಳಿದ. "ಯಕ್ಕಾ. ಹೊಸಪ್ಯಾಟ್ಯಾಗ ನನ್ನನ್ನ ಕುರ್ಚಿ ಮ್ಯಾಲ ಕುಂದ್ರಿಸಿದ್ರು. ಚಲೋ ಅನಿಸ್ತು. ಇಳಿಸಿಬಿಟ್ರ ಅಂತ ಅಂಜಿ ಸುಳ್ಳಿಗೆ ಹೂಂ ಅಂದೆ. ಮಶೀನಲ್ಲ, ನಾನ. ಯಾರೂ ಅಂಜಿಸಲಿಲ್ಲ, ಏನೂ ಕೊಡಲಿಲ್ಲ. ನೀ ಗದ್ದಿಗೆ ಬಂದು ಕೇಳಿದಾಗೂ ಬಾಯಿ ಬಿಡಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವನ ಗದ್ದ ಎದೆಗೆ ತಾಕಿತ್ತು. ಓಣಿಯೆಲ್ಲ ಕೇಳಿಸಿಕೊಂಡಿತು. ನಕ್ಕವಳು ಸೆರಗು ಬಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ನೀರಿನಲ್ಲಿ ಸಣ್ಣ ಸದ್ದಾಯಿತು. ತಲೆಯೆತ್ತಿದರೆ ಕರೆಮ್ಮನ ಅಂಗೈ ಖಾಲಿಯಿತ್ತು. ಮೊದಲ ತುತ್ತು ಕರಗುತ್ತ ಹೋಗುತ್ತಿತ್ತು, ಕೆಳಗೆ ಮೀನು ಸುಳಿದವು.

"ಹೆಸರು ಹೇಳು" ಎಂದಳು.

"ಹೊನ್ನೂರ" ಎಂದ, ನೀರಿಗೆ ಬಿದ್ದ ಆ ಮೊದಲ ತುತ್ತಿಗೆ. ಅವಳು ಎರಡನೆಯ ತುತ್ತು ಹಿಡಿದಳು. "ದುರುಗ" ಎಂದ. ಗಾಳೆಪ್ಪ, ಕರಿಯ, ತಿಮ್ಮ, ಈರ, ಸಣ್ಣ ದುರುಗ. ಒಂದೊಂದು ಹೆಸರಿಗೂ ನಿಂತ, ಕಾದ. ಒಂದೊಂದಕ್ಕೂ ಅನ್ನ ನೀರಿಗೆ ಬಿತ್ತು.

ಕೊನೆಗೆ ಕರೆಮ್ಮ ಬುಟ್ಟಿಯನ್ನು ಹೊಳೆಯಲ್ಲಿ ಅದ್ದಿ ತೊಳೆದು, ಕೋಲು ಹಿಡಿದು ಎದ್ದಳು. ಹುರಿದ ಮೀನಿನ ಎಲೆ ಈ ಸಲ ಇರಲಿಲ್ಲ. ಏಳು ತುತ್ತೂ ಬಿಟ್ಟಿದ್ದಳು, ಆದರೆ ಒಂದಕ್ಕೂ ಅವಳು ಹೂಂ ಅಂದಿರಲಿಲ್ಲ. ಹೂಂ ಅನ್ನು ಎಂದು ಕೇಳುವ ಬಾಯಿ ಹನುಮಣ್ಣನಿಗೂ ಇರಲಿಲ್ಲ.